ಮೇಲಿನ ಕೋರ್ಟಿಗೂ ಅದೇ ವಕೀಲರೇ?

ಪ್ರಶ್ನೆ: ನಮ್ಮ ಮನೆಗಳ್ಳತನದ ಕೇಸು ನಾಂಪಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿದೆ. ಮುಂದೆ ಅಪೀಲಾದರೆ ಈಗಿನ ಸರ್ಕಾರಿ ವಕೀಲರೇ ವಾದಿಸುತ್ತಾರೆಯೇ?
– ಗೃಹಿಣಿ, ಕಾಚಿಗುಡ, ಹೈದರಾಬಾದ್

ಉತ್ತರ: ಸಾಮಾನ್ಯವಾಗಿ ಇಲ್ಲ ತಾಯಿ. ಮ್ಯಾಜಿಸ್ಟ್ರೇಟರ ಮುಂದೆ ಸರ್ಕಾರದ ಪರ ನಿಲ್ಲುವವರು ಸಹಾಯಕ ಸರ್ಕಾರಿ ಅಭಿಯೋಜಕರು, ಅಂದರೆ ಎಪಿಪಿ. ಶಿಕ್ಷೆಯಾದ ಆರೋಪಿ ಅಪೀಲು ಹೋಗುವುದು ಸೆಷನ್ಸ್ ಕೋರ್ಟಿಗೆ. ಅಲ್ಲಿರುವವರು ಕನಿಷ್ಠ 7 ವರ್ಷ ವಕೀಲಿ ಮಾಡಿದ ಪಬ್ಲಿಕ್ ಪ್ರಾಸಿಕ್ಯೂಟರ್. ಮೂಸಿ ದಂಡೆಯ ಹೈಕೋರ್ಟಿಗೆ ಪ್ರಾಸಿಕ್ಯೂಟರ್ ಬೇರೆ. ಪೇಪರಿನಲ್ಲಿ ಓದುವ ಅಡ್ವೊಕೇಟ್ ಜನರಲ್, ಸಂವಿಧಾನದ 165ನೇ ವಿಧಿಯಂತೆ ರಾಜ್ಯಪಾಲರು ನೇಮಿಸುವ ಸರ್ಕಾರದ ಕಾನೂನು ಸಲಹೆಗಾರರು.

ವಕೀಲರು ಬದಲಾದರೂ ಕಡತ ಅದೇ: ಎಫ್‌ಐಆರ್, ಪಂಚನಾಮೆ, ನಿಮ್ಮ ಸಾಕ್ಷ್ಯ. ಪ್ರತಿಗಳನ್ನು ಜೋಪಾನವಾಗಿಡಿ. ಕೋರ್ಟಿನ ಅನುಮತಿ ಪಡೆದು, ಅಭಿಯೋಜಕರ ನೆರವಿಗೆ ಸ್ವಂತ ವಕೀಲರನ್ನೂ ಇಟ್ಟುಕೊಳ್ಳಬಹುದು. ಆರೋಪಿ ಖುಲಾಸೆಯಾದರೆ ನೀವೇ ಅಪೀಲು ಹಾಕುವ ಹಕ್ಕೂ ಇದೆ.