ಡಿಶ್ ಟೆಲಿವಿಷನ್ ಮತ್ತು ಅಜ್ಜನ ರೇಡಿಯೋ

ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಬಸ್ಸಿನ ಕಿಟಿಕಿಯಿಂದ ನೋಡುವವರಿಗೆ, ಹಂಚಿನ ಮನೆಯಿರಲಿ ತಾರಸಿಯ ಮನೆಯಿರಲಿ, ಮೇಲ್ಗಡೆ ಒಂದು ಡಿಶ್ ಆಗ್ನೇಯಕ್ಕೆ ಮುಖವೆತ್ತಿ ನಿಂತಿರುವುದು ಕಾಣಸಿಗುತ್ತದೆ. ಅವೆಲ್ಲ ಹೆಚ್ಚುಕಡಮೆ ಒಂದೇ ಕಡೆಗೆ ನೋಡುವುದಕ್ಕೆ ಕಾರಣವುಂಟು. ದೂರದರ್ಶನದವರು ೨೦೦೪ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಆರಂಭಿಸಿದ, ಈಗ ಡಿಡಿ ಫ್ರೀ ಡಿಶ್ ಎನಿಸಿಕೊಂಡಿರುವ ಉಚಿತ ಸೇವೆಯು ಜಿಸ್ಯಾಟ್-೧೫ ಎಂಬ ಉಪಗ್ರಹದಿಂದ ಬರುತ್ತದೆ. ೨೦೧೫ರ ನವೆಂಬರಿನಲ್ಲಿ ಮೇಲಕ್ಕೆ ಕಳುಹಿಸಲ್ಪಟ್ಟ ಈ ಉಪಗ್ರಹವು ಭೂಮಧ್ಯರೇಖೆಯ ಮೇಲೆ, ಪೂರ್ವ ರೇಖಾಂಶ ೯೩.೫ ಡಿಗ್ರಿಯಲ್ಲಿ, ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿದೆ. ನಮ್ಮ ಊರಿನಿಂದ ಲೆಕ್ಕಹಾಕಿದರೆ ಅದು ದಿಗಂತದಿಂದ ಸುಮಾರು ೬೩ ಡಿಗ್ರಿ ಮೇಲಿರುತ್ತದೆ. ಕೋನಮಾಪಕವನ್ನು ಹಿಡಿದು ಅಳೆಯುವ ವಿದ್ಯಾರ್ಥಿನಿಗೆ ಡಿಶ್ ಅಷ್ಟು ಮೇಲಕ್ಕೆ ನೋಡುತ್ತಿಲ್ಲವೆಂದು ತೋರಬಹುದು. ಅದು ಓರೆಯಾಗಿ ತರಂಗಗಳನ್ನು ಕೂಡಿಸುವಂತೆ ರಚಿಸಲ್ಪಟ್ಟಿರುವುದೇ ಇದಕ್ಕೆ ಕಾರಣ.

ಇಷ್ಟು ಭೂಗೋಳದ ಪಾಠವಾಯಿತು. ನಾವು ಇಲ್ಲಿ ವಿಚಾರಿಸತಕ್ಕದ್ದು ಬೇರೊಂದು ವಿಷಯ. "ಡಿಶ್ ಹಾಕಿಸಿದಂದಿನಿಂದ ಮನೆಯ ರೇಡಿಯೋದಲ್ಲಿ ಬರೇ ಗರಗರ ಸದ್ದು" ಎಂಬ ದೂರನ್ನು ನಾವು ಅನೇಕ ಮನೆಗಳಿಂದ ಕೇಳಿದ್ದೇವೆ. ಕಾಪುವಿನಿಂದ ಬರುವ ಒಬ್ಬ ವಿದ್ಯಾರ್ಥಿನಿಯ ಅಜ್ಜನವರು ಮೊದಲು ಮೀನುಗಾರಿಕೆಗೆ ಹೋಗುತ್ತಿದ್ದವರು. ಈಗ ಮಗನು ದೋಣಿ ಇಳಿಸುವ ದಿನಗಳಲ್ಲಿ ರೇಡಿಯೋದ ಹವಾಮಾನದ ವಾರ್ತೆಯನ್ನು ಕೇಳಿ ಹೇಳುವುದು ಅವರು ತಾವಾಗಿ ಹೊತ್ತುಕೊಂಡ ಕೆಲಸ. ಮೊಬೈಲಿನಲ್ಲಿಯೂ ಎಚ್ಚರಿಕೆ ಬರುತ್ತದೆಂಬುದು ನಿಜ. ಆದರೆ ಅಜ್ಜನವರಿಗೆ ನಂಬಿಕೆಯಿರುವುದು ರೇಡಿಯೋದಲ್ಲಿ. ಆ ಸದ್ದಿನಿಂದ ಅವರ ಕೆಲಸವೇ ತಪ್ಪಿಹೋಯಿತು. ಮನೆಯಲ್ಲಿ ಡಿಶ್ಶನ್ನು ತೆಗೆಸಬೇಕೆಂದು ಒಬ್ಬರು, ರೇಡಿಯೋವನ್ನು ಎತ್ತಿಡಬೇಕೆಂದು ಒಬ್ಬರು ಹೇಳುತ್ತಿದ್ದರು.

ಎರಡನ್ನೂ ಮಾಡಬೇಕಾಗಿಲ್ಲ. ಯಾಕಂದರೆ ಡಿಶ್ ಏನನ್ನೂ ಪ್ರಸಾರ ಮಾಡುವ ಯಂತ್ರವಲ್ಲ, ಬಂದದ್ದನ್ನು ಹಿಡಿಯುವ ಬೋಗುಣಿ ಮಾತ್ರ. ಅದು ಹಿಡಿಯುವ ತರಂಗಗಳ ಉದ್ದವು ಸುಮಾರು ಎರಡೂವರೆ ಸೆಂಟಿಮೀಟರ್. ೧೯೭೬ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿಯನ್ನು ಕೇಳಲು ನಮ್ಮ ಹಿರಿಯರು ರೇಡಿಯೋದ ಮುಳ್ಳನ್ನು ಮಧ್ಯಮ ತರಂಗದ ೧೦೮೯ ಕಿಲೋಹರ್ಟ್ಸ್‌ನಲ್ಲಿ ನಿಲ್ಲಿಸುತ್ತಿದ್ದರು. ಆ ತರಂಗದ ಉದ್ದವಾದರೋ ೨೭೫ ಮೀಟರ್. ಇಷ್ಟು ಅಂತರವಿರುವ ಇವೆರಡು ತಮ್ಮಷ್ಟಕ್ಕೆ ಜಗಳಾಡಲಾರವು.

ತೊಂದರೆಯು ಹೆಚ್ಚಾಗಿ ಹುಟ್ಟುವುದು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಸಣ್ಣ ಅಡಾಪ್ಟರಿನಲ್ಲಿ. ಅದು ಮನೆಯ ವಿದ್ಯುತ್ತನ್ನು ಸೆಟ್-ಟಾಪ್ ಬಾಕ್ಸಿಗೆ ತಕ್ಕಂತೆ ತಗ್ಗಿಸುವಾಗ, ಒಂದು ಸೆಕೆಂಡಿಗೆ ಹತ್ತಾರು ಸಾವಿರ ಸಾರಿ ಕಡಿದು ಕಡಿದು ಬಿಡುತ್ತದೆ. ಹೀಗೆ ಕಡಿಯುವುದರಿಂದ ಹುಟ್ಟುವ ಉಪತರಂಗಗಳು ಮಧ್ಯಮ ತರಂಗದ ಉದ್ದಕ್ಕೂ ಹರಡುತ್ತವೆ. ಒಳ್ಳೆಯ ಅಡಾಪ್ಟರಿನೊಳಗೆ ಅವುಗಳನ್ನು ತಡೆಯುವ ಶೋಧಕವಿರುತ್ತದೆ. ಮೊದಲಿನದು ಕೆಟ್ಟಾಗ ಅಗ್ಗಕ್ಕೆ ತಂದದ್ದರಲ್ಲಿ ಅನೇಕ ವೇಳೆ ಇರುವುದಿಲ್ಲ. ಹೊರಟ ಸದ್ದಿಗೆ ಮನೆಯ ವಯರಿಂಗೂ, ಮಾಡಿನವರೆಗೆ ಏರುವ ಕೇಬಲ್ಲಿನ ಹೊರ ಹೆಣಿಗೆಯೂ ಏರಿಯಲ್ಲಿನಂತೆ ಸಹಾಯ ಮಾಡುತ್ತವೆ. ಆದಕಾರಣ ಅಡಾಪ್ಟರಿನ ತಂತಿಯನ್ನೂ, ಬಾಕ್ಸಿನ ಹತ್ತಿರ ಕೇಬಲ್ಲನ್ನೂ ಫೆರೈಟ್ ಉಂಗುರದೊಳಗೆ ಕೆಲವು ಸುತ್ತು ಸುತ್ತಿದರೆ ಬಹಳ ಉಪಶಮನವಾಗುವುದು. ರೇಡಿಯೋವನ್ನು ಬಾಕ್ಸಿನ ತಲೆಯ ಮೇಲಿಡುವ ಪದ್ಧತಿಯನ್ನಂತೂ ಬಿಡಲೇಬೇಕು.

ಕೇಬಲ್ಲಿನ ವಿಷಯದಲ್ಲಿ ನಮ್ಮವರು ತೋರಿಸುವ ಉದಾಸೀನ ಆಶ್ಚರ್ಯಕರವಾದದ್ದು. ೭೫ ಓಮ್‌ನ ಆರ್‌ಜಿ-೬ ಕೇಬಲ್ಲಿನ ಒಳತಂತಿಯನ್ನು ಲೋಹದ ಹಾಳೆ ಮತ್ತು ಹೆಣಿಗೆ ಸುತ್ತಲೂ ಮುಚ್ಚಿರುತ್ತವೆ. ಈ ಕವಚವು ತುದಿಯಿಂದ ತುದಿಗೆ ಎಲ್ಲಿಯೂ ಕಡಿಯದೆ ಇದ್ದರೆ ಒಳಗಿನದು ಹೊರಕ್ಕೆ ಬಾರದು, ಹೊರಗಿನದು ಒಳಕ್ಕೆ ಹೋಗದು. ಉದ್ದ ಸಾಲದೆಂದು ಎರಡು ತುಂಡುಗಳನ್ನು ಕೈಯಿಂದ ಹೊಸೆದು ಟೇಪು ಸುತ್ತಿದಲ್ಲಿ ಕವಚ ಹರಿದಂತೆಯೇ. ಕಾಪುವಿನಂಥ ಕಡಲತೀರದಲ್ಲಿ ಉಪ್ಪುಗಾಳಿಯು ತಿರುಗಿಸಿ ಕೂರಿಸಿದ ಕನೆಕ್ಟರನ್ನೂ ಬಿಡದೆ ತಿಂದು ಕಿಲುಬು ಹಿಡಿಸುತ್ತದೆ. ಅಲ್ಲಿ ಜೋಡಣೆಗೆ ನೀರು ತಾಗದ ಹೊದಿಕೆ ಬೇಕು, ಮಳೆಗಾಲ ಕಳೆದ ಮೇಲೆ ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು.

ಮಣಿಪಾಲದ ವಸತಿಗೃಹಗಳಲ್ಲಿ ತೊಂದರೆಯು ತಿರುಗುಮುರುಗಾಗಿ ಬರುವುದುಂಟು. ಡಿಶ್ಶಿನ ಮೂತಿಯಲ್ಲಿರುವ ಎಲ್‌ಎನ್‌ಬಿಯು ಉಪಗ್ರಹದ ತರಂಗವನ್ನು ೯೫೦ರಿಂದ ೨೧೫೦ ಮೆಗಾಹರ್ಟ್ಸ್ ಒಳಗಿನದಾಗಿ ತಗ್ಗಿಸಿ ಕೇಬಲ್ಲಿಗೆ ಕೊಡುತ್ತದೆ. ೧೧,೫೯೦ರ ತರಂಗ ಬಂದು ಎಲ್‌ಎನ್‌ಬಿಯು ಅದರಿಂದ ೯,೭೫೦ನ್ನು ಕಳೆದರೆ ಉಳಿಯುವುದು ೧,೮೪೦. ಮೊಬೈಲ್ ಗೋಪುರಗಳಿಂದ ೧,೮೦೫ರಿಂದ ೧,೮೮೦ರವರೆಗಿನ ತರಂಗಗಳು ಹೊರಡುತ್ತಿರುವುದರಿಂದ, ಕವಚ ಹರಿದ ಕೇಬಲ್ಲಿನೊಳಗೆ ಅವು ನುಗ್ಗಿ ಕೆಲವೇ ಚಾನೆಲುಗಳನ್ನು ಕೆಡಿಸಿ ಉಳಿದವನ್ನು ಹಾಗೆಯೇ ಬಿಡುತ್ತವೆ. ಆಟಿಯ ಜಡಿಮಳೆಗೆ ಚಿತ್ರವೆಲ್ಲ ಒಮ್ಮೆಗೇ ಮಾಯವಾಗುವುದು ಬೇರೆ: ಅಲ್ಲಿ ಮಳೆಹನಿಗಳು ತರಂಗವನ್ನು ಹೀರುತ್ತವೆ, ಅದಕ್ಕೆ ಕಾಯುವುದಲ್ಲದೆ ಮದ್ದಿಲ್ಲ.

ಕಾರ್ಕಳದ ಕಡೆಯ ಮುರಕಲ್ಲಿನ ಗುಡ್ಡಗಳಲ್ಲಿ ಅರ್ತಿಂಗ್ ಸರಿಯಾಗಿ ಹತ್ತುವುದು ಕಷ್ಟ, ಅದರಲ್ಲಿಯೂ ನೆಲ ಒಣಗಿದ ಏಪ್ರಿಲ್ ಮೇ ತಿಂಗಳುಗಳಲ್ಲಿ. ಸಿಡಿಲು ಬರುವುದೂ ಆಗಲೇ. ಡಿಶ್ಶಿನ ಕಂಬವನ್ನು ಬಲ್ಲ ಎಲೆಕ್ಟ್ರಿಶಿಯನ್ನನಿಂದ ಮನೆಯ ಅರ್ತಿಗೆ ಕೂಡಿಸತಕ್ಕದ್ದು. ಇದು ಮುಖ್ಯವಾಗಿ ಪ್ರಾಣರಕ್ಷಣೆಗೆ. ಇದರಿಂದಲೇ ರೇಡಿಯೋದ ಸದ್ದು ಹೋಗುವುದೆಂದು ಹೇಳುವವರ ಮಾತನ್ನು ಪೂರ್ತಿ ನಂಬಬಾರದು.

ಇನ್ನು ತಪ್ಪನ್ನು ಹುಡುಕುವ ಬಗೆ. ಇದನ್ನು ಗಂಡಸರ ಕೆಲಸವೆಂದು ನಮ್ಮ ಹುಡುಗಿಯರು ಬಿಟ್ಟುಬಿಡುವುದು ನಮಗೆ ಸರಿಬೀಳುವುದಿಲ್ಲ. ಬ್ಯಾಟರಿಯಿಂದ ನಡೆಯುವ ಚಿಕ್ಕ ರೇಡಿಯೋವನ್ನು ಮಧ್ಯಮ ತರಂಗದಲ್ಲಿ ಯಾವ ಕೇಂದ್ರವೂ ಇಲ್ಲದ ಜಾಗಕ್ಕೆ ತಿರುಗಿಸಿ ಸದ್ದನ್ನು ಗಮನಿಸಿರಿ. ಬಾಕ್ಸನ್ನು ರಿಮೋಟಿನಿಂದ ಮಲಗಿಸಿದರೆ ಸಾಲದು, ಅಡಾಪ್ಟರು ಆಗಲೂ ಎಚ್ಚರವಾಗಿಯೇ ಇರುತ್ತದೆ. ಗೋಡೆಯ ಸ್ವಿಚ್ಚನ್ನೇ ಆರಿಸಿರಿ. ಸದ್ದು ನಿಂತರೆ ಕಳ್ಳ ಸಿಕ್ಕಿದ. ನಿಲ್ಲದಿದ್ದರೆ ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಇನ್ವರ್ಟರ್ ಇವನ್ನು ಒಂದೊಂದಾಗಿ ಆರಿಸುತ್ತ ಬನ್ನಿರಿ. ರೇಡಿಯೋದೊಳಗೆ ಫೆರೈಟಿನ ಒಂದು ಸರಳು ಮಲಗಿರುತ್ತದೆ. ರೇಡಿಯೋವನ್ನು ಮೆಲ್ಲನೆ ತಿರುಗಿಸುವಾಗ ಸದ್ದು ಅತಿ ಕಡಮೆಯಾಗುವ ಸ್ಥಿತಿಯಲ್ಲಿ ಆ ಸರಳಿನ ತುದಿಯು ಸದ್ದಿನ ಮೂಲದ ಕಡೆಗೆ ಬೆರಳು ತೋರಿಸುತ್ತದೆ. ಕಾಪುವಿನ ಹುಡುಗಿಯು ಹೀಗೆಯೇ ಮಾಡಿದಳು. ಅವಳ ಮನೆಯಲ್ಲಿ ಸಿಕ್ಕಿದ ಕಳ್ಳರು ಇಬ್ಬರು: ಬದಲಿಸಿದ ಅಡಾಪ್ಟರು ಒಂದು, ಜಗಲಿಯ ಎಲ್‌ಇಡಿ ದೀಪ ಒಂದು. ಡಿಶ್ಶು ಮಾಡಿನಲ್ಲಿಯೇ ಉಳಿಯಿತು, ರೇಡಿಯೋ ಅಜ್ಜನವರ ತಲೆದಿಂಬಿನ ಬಳಿಯಲ್ಲಿ.

ಇಂಥ ಚಿಕ್ಕ ದೋಷವು ಎಷ್ಟು ದೂರ ಮುಟ್ಟಬಲ್ಲದೆಂಬುದಕ್ಕೆ ಒಂದು ದೃಷ್ಟಾಂತವುಂಟು. ೨೦೦೪ರ ಅಕ್ಟೋಬರಿನಲ್ಲಿ ಅಮೆರಿಕದ ಓರೆಗನ್ ಸಂಸ್ಥಾನದ ಕೊರ್ವಾಲಿಸ್ ಪಟ್ಟಣದಲ್ಲಿ ಒಬ್ಬ ತರುಣನ ಟೆಲಿವಿಷನ್ ಪೆಟ್ಟಿಗೆಯು ಕೆಟ್ಟು, ೧೨೧.೫ ಮೆಗಾಹರ್ಟ್ಸ್ ತರಂಗವನ್ನು ಸೂಸತೊಡಗಿತು. ಅದು ವಿಮಾನ ಹಡಗುಗಳ ಆಪತ್ತಿನ ಕರೆಗೆ ಮೀಸಲಾದ ತರಂಗ. ಆಕಾಶದ ಉಪಗ್ರಹವು ಅದನ್ನು ಕೇಳಿ ಸುದ್ದಿಮುಟ್ಟಿಸಿದ್ದರಿಂದ, ರಕ್ಷಣಾ ಕಾರ್ಯದವರು ಅವನ ಬಾಗಿಲಿಗೆ ಬಂದು ನಿಂತರು. ಆ ಹೊತ್ತಿನಲ್ಲಿ ನಿಜವಾಗಿ ಮುಳುಗುವವರ ಕರೆ ಬೇರೆಲ್ಲಿಂದಾದರೂ ಬಂದಿದ್ದರೆ ಎಂದು ಮಲ್ಪೆಯ, ಕಾಪುವಿನ ಮನೆಗಳವರು ಯೋಚಿಸಬಲ್ಲರು.

ಸದ್ದು ನೆರೆಮನೆಯಿಂದ ಬರುತ್ತಿದ್ದರೆ ದೂರು ಹೇಳಲು ಹೋಗದೆ ರೇಡಿಯೋವನ್ನೇ ಕೈಯಲ್ಲಿ ಹಿಡಿದು ಹೋಗಿರಿ. "ಅಕ್ಕಾ, ಒಂದು ಗಳಿಗೆ ನಿಮ್ಮ ಬಾಕ್ಸಿನ ಸ್ವಿಚ್ಚು ಆರಿಸುತ್ತೀರಾ?" ಎಂದು ಕೇಳಿ, ಅವರೆದುರಿಗೇ ಸದ್ದು ನಿಲ್ಲುವುದನ್ನು ತೋರಿಸಿದರೆ ವಾದಕ್ಕೆ ಎಡೆಯಿರದು. ಮನೆಗಳ ಮಟ್ಟದಲ್ಲಿ ತೀರದೆ, ದೋಣಿಗಳ ಅಥವಾ ಪೊಲೀಸರ ನಿಸ್ತಂತು ಸಂಪರ್ಕಕ್ಕೇ ಅಡ್ಡಿಯಾಗುವಂಥದ್ದಾದರೆ, ಅದನ್ನು ಪತ್ತೆಹಚ್ಚುವುದಕ್ಕೆ ಕೇಂದ್ರ ಸರಕಾರದ ದೂರಸಂಪರ್ಕ ಇಲಾಖೆಯಲ್ಲಿ ವೈರ್‌ಲೆಸ್ ಮಾನಿಟರಿಂಗ್ ಆರ್ಗನೈಸೇಶನ್ ಎಂಬ ಸಂಸ್ಥೆಯುಂಟು. ಅಲ್ಲಿಗೆ ಬರೆಯುವಾಗ ಯಾವ ತರಂಗದಲ್ಲಿ, ದಿನದ ಯಾವ ಹೊತ್ತಿನಲ್ಲಿ, ಯಾವ ಬಗೆಯ ಸದ್ದು ಕೇಳಿಸಿತೆಂಬುದನ್ನು ತಾರೀಕು ಸಹಿತ ಕಾಣಿಸತಕ್ಕದ್ದು.