ಭೂಕೇಂದ್ರ ಸಿದ್ಧಾಂತದ ಪರ ನಿಂತ ವೈಜ್ಞಾನಿಕ ವಾದಗಳು: ಮುಖ್ಯಾಂಶಗಳು

ಈ ವಿಷಯದ ಮೇಲೆ ಪ್ರಬಂಧರೂಪದ ಪ್ರಶ್ನೆ ಬಂದರೆ ಹೆಚ್ಚಿನವರು ಚರ್ಚಿನ ವಿರೋಧವನ್ನಷ್ಟೇ ಬರೆದು ಮುಗಿಸುತ್ತಾರೆ. ಅದು ಅರ್ಧ ಉತ್ತರ. ಭೂಮಿ ಚಲಿಸುವುದಿಲ್ಲ ಎಂದವರ ಕೈಯಲ್ಲಿ ಲೆಕ್ಕವಿತ್ತು, ಅಳತೆಯಿತ್ತು. ಅವುಗಳಲ್ಲಿ ಕೆಲವಕ್ಕೆ ಗೆಲಿಲಿಯೋ ಬಳಿಯೂ ಉತ್ತರವಿರಲಿಲ್ಲ.

ಗ್ರೀಕರ ವಾದ

• ಅರಿಸ್ಟಾಟಲ್ (ಕ್ರಿ.ಪೂ. 384–322): ಭಾರವಾದುದೆಲ್ಲ ವಿಶ್ವದ ಕೇಂದ್ರದತ್ತ ಸಾಗುತ್ತದೆ, ಬೀಳುವ ವಸ್ತುಗಳು ಭೂಮಿಯ ನಡುವಿನತ್ತ ಸಾಗುವುದರಿಂದ ಭೂಮಿಯೇ ಕೇಂದ್ರದಲ್ಲಿದೆ. ನೇರ ಮೇಲಕ್ಕೆಸೆದ ಕಲ್ಲು ಎಸೆದಲ್ಲೇ ಬಂದು ಬೀಳುತ್ತದೆ, ಹಾಗಾಗಿ ಭೂಮಿ ನಿಶ್ಚಲ. ಗ್ರಹಣದ ದುಂಡು ನೆರಳನ್ನು ತೋರಿಸಿ ಭೂಮಿ ಗೋಳವೆಂದು ವಾದಿಸಿದವನೂ ಇವನೇ. ಭೂಕೇಂದ್ರವಾದವನ್ನು ಚಪ್ಪಟೆ ಭೂಮಿಯ ವಾದದೊಂದಿಗೆ ಬೆರೆಸಬೇಡಿ.

• ಸಾಮೋಸ್‌ನ ಅರಿಸ್ಟಾರ್ಕಸ್ (ಕ್ರಿ.ಪೂ. 3ನೇ ಶತಮಾನ) ಸೂರ್ಯನನ್ನು ನಡುವೆ ಇಟ್ಟು ನೋಡಿದ್ದ. ಆದರೆ ಬೆಂಬಲ ಸಿಕ್ಕಿದ್ದು ಅತ್ಯಲ್ಪ.

• ಟಾಲೆಮಿ (ಅಲೆಕ್ಸಾಂಡ್ರಿಯಾ, ‘ಆಲ್ಮಜೆಸ್ಟ್’, ಸುಮಾರು ಕ್ರಿ.ಶ. 150): ಎಲ್ಲಿಂದ ನೋಡಿದರೂ ರಾಶಿಚಕ್ರದ ಅರ್ಧ ಭಾಗ ದಿಗಂತದ ಮೇಲಿರುತ್ತದೆ, ನಾವು ನಡುವೆ ಇಲ್ಲದಿದ್ದರೆ ಹೀಗಾಗದು. ಬರೀ ನಕ್ಷತ್ರಗಳನ್ನು ನೋಡಿದರೆ ಭೂಮಿ ತಿರುಗುತ್ತದೆ ಎನ್ನುವುದೇ ಸರಳವಾಗಬಹುದು ಎಂದು ಈತ ಒಪ್ಪಿದ್ದ. ಆದರೆ ಹಾಗಿದ್ದರೆ ಮೋಡವೂ ಹಕ್ಕಿಯೂ ಪಶ್ಚಿಮಕ್ಕೆ ಹಿಂದುಳಿಯಬೇಕಲ್ಲ ಎಂದು ಕೈಬಿಟ್ಟ.

ಭಾರತದಲ್ಲಿ

ಆರ್ಯಭಟ (‘ಆರ್ಯಭಟೀಯ’, ಕ್ರಿ.ಶ. 499) ಭೂಮಿ ತನ್ನ ಅಕ್ಷದ ಮೇಲೆ ತಿರುಗುತ್ತದೆ ಎಂದ. ಅದಕ್ಕೆ ವರಾಹಮಿಹಿರನ ಆಕ್ಷೇಪ ಟಾಲೆಮಿಯದಕ್ಕೆ ಹತ್ತಿರ: ಗೂಡುಬಿಟ್ಟು ಹಾರಿದ ಗಿಡುಗ ಮರಳಿ ಗೂಡು ಸೇರುವುದು ಹೇಗೆ? ಬಾವುಟಗಳು ಸದಾ ಪಶ್ಚಿಮಕ್ಕೇ ಏಕೆ ಹಾರುವುದಿಲ್ಲ? 628ರಲ್ಲಿ ‘ಬ್ರಹ್ಮಸ್ಫುಟ ಸಿದ್ಧಾಂತ’ ಬರೆದ ಬ್ರಹ್ಮಗುಪ್ತನೂ ಆರ್ಯಭಟನನ್ನು ಖಂಡಿಸಿದ. ಜಡತ್ವದ ನಿಯಮ ತಿಳಿಯದ ಕಾಲದಲ್ಲಿ ಇವು ನ್ಯಾಯವಾದ ಪ್ರಶ್ನೆಗಳೇ.

ಅತಿ ಗಟ್ಟಿ ವಾದ: ನಕ್ಷತ್ರದ ಗಾತ್ರ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಬಿಡುವ ಭಾಗವಿದು.

ಭೂಮಿ ಸೂರ್ಯನನ್ನು ಸುತ್ತುವುದಾದರೆ ಆರು ತಿಂಗಳ ಅಂತರದಲ್ಲಿ ನಾವು ಕಕ್ಷೆಯ ಎರಡು ಬದಿಗಳಲ್ಲಿರುತ್ತೇವೆ. ಆಗ ನಕ್ಷತ್ರಗಳು ತುಸು ಸರಿದಂತೆ ಕಾಣಬೇಕು. ಇದೇ ಪ್ಯಾರಲಾಕ್ಸ್. ಕೋಪರ್ನಿಕಸ್ 1543ರಲ್ಲಿ ಕೊಟ್ಟ ಉತ್ತರ: ನಕ್ಷತ್ರಗಳು ಬಹಳ ದೂರದಲ್ಲಿವೆ, ಅದಕ್ಕೇ ಕಾಣದು. ದೂರದರ್ಶಕವಿಲ್ಲದ ಕಾಲದ ಅತ್ಯಂತ ನಿಖರ ವೀಕ್ಷಕ, ಡೆನ್ಮಾರ್ಕಿನ ಟೈಕೋ ಬ್ರಾಹೆ (1546–1601), ಆ ಉತ್ತರವನ್ನೇ ಲೆಕ್ಕಕ್ಕಿಟ್ಟ. ಒಂದು ಕಲೆಯಷ್ಟು, ಅಂದರೆ ಡಿಗ್ರಿಯ 60ನೇ ಒಂದು ಭಾಗದಷ್ಟು, ಸರಿದಾಟವೂ ಅವನಿಗೆ ಕಾಣಲಿಲ್ಲ. ಹಾಗಾದರೆ ನಕ್ಷತ್ರಗಳು ಶನಿಗಿಂತ ಸುಮಾರು 700 ಪಟ್ಟು ದೂರವಿರಬೇಕು. ಇತ್ತ ಸಾಧಾರಣ ನಕ್ಷತ್ರವೊಂದು ಬರಿಗಣ್ಣಿಗೆ ಸುಮಾರು ಒಂದು ಕಲೆ ಅಗಲ ಕಾಣುತ್ತಿತ್ತು. ಎರಡನ್ನೂ ಸೇರಿಸಿ: ನಕ್ಷತ್ರದಿಂದ ನೋಡಿದರೆ ಭೂಮಿಯ ಇಡೀ ಕಕ್ಷೆ ಒಂದು ಕಲೆಗಿಂತ ಚಿಕ್ಕದು, ಕಕ್ಷೆಯಿಂದ ನೋಡಿದರೆ ನಕ್ಷತ್ರ ಒಂದು ಕಲೆ. ಅಂದರೆ ಆ ನಕ್ಷತ್ರ ಭೂಮಿಯ ಕಕ್ಷೆಗಿಂತಲೂ ದೊಡ್ಡದು! ಸೂರ್ಯ ಅದರ ಮುಂದೆ ಚುಕ್ಕಿ. ಅಸಂಬದ್ಧ ಎಂದು ಟೈಕೋ ತಳ್ಳಿಹಾಕಿದ್ದರಲ್ಲಿ ಆಶ್ಚರ್ಯವಿಲ್ಲ. ದೇವರು ಎಷ್ಟು ದೊಡ್ಡ ನಕ್ಷತ್ರವನ್ನಾದರೂ ಸೃಷ್ಟಿಸಬಲ್ಲ ಎಂದು ದೈವವನ್ನು ನೆರವಿಗೆ ಕರೆದವರು ಕೋಪರ್ನಿಕಸ್ ಪಕ್ಷದವರಲ್ಲೇ ಇದ್ದರು.

ಲೆಕ್ಕ ಸರಿಯಿತ್ತು, ಕಣ್ಣಿಗೆ ಕಂಡ ಗಾತ್ರ ಸುಳ್ಳಾಗಿತ್ತು. ಬೆಳಕಿನ ವಿವರ್ತನೆಯಿಂದ ನಕ್ಷತ್ರ ಹುಸಿ ಬಿಲ್ಲೆಯಾಗಿ ಕಾಣುತ್ತದೆ ಎಂಬುದನ್ನು ಜಾರ್ಜ್ ಏರಿ 1835ರಲ್ಲಿ ಗಣಿತದಿಂದ ವಿವರಿಸಿದ.

ಟೈಕೋ ಮಾದರಿ (1588): ಗ್ರಹಗಳು ಸೂರ್ಯನ ಸುತ್ತ, ಸೂರ್ಯ ಭೂಮಿಯ ಸುತ್ತ. ಕೇರಳದ ನೀಲಕಂಠ ಸೋಮಯಾಜಿ ಇದಕ್ಕೂ ಮೊದಲೇ ಹತ್ತಿರದ ಮಾದರಿಯೊಂದನ್ನು ಕೊಟ್ಟಿದ್ದ.

ರಿಚಿಯೋಲಿ, 1651

ಇಟಲಿಯ ಜೆಸ್ಯೂಟ್ ಪಾದ್ರಿ. ‘ಆಲ್ಮಜೆಸ್ಟಮ್ ನೋವಮ್’ ಗ್ರಂಥದಲ್ಲಿ 126 ವಾದಗಳನ್ನು ಪಟ್ಟಿಮಾಡಿದ: ಭೂಚಲನೆಯ ಪರ 49, ವಿರುದ್ಧ 77. ಭೂಮಿ ತಿರುಗುವುದಾದರೆ ಉತ್ತರಕ್ಕೆ ಹಾರಿಸಿದ ಫಿರಂಗಿ ಗುಂಡು ಪಕ್ಕಕ್ಕೆ ಸರಿಯಬೇಕು ಎಂಬುದು ಅದರಲ್ಲೊಂದು. ಸರಿಯುತ್ತದೆ ಕೂಡ, ಅದೇ ಇಂದಿನ ಕೊರಿಯೋಲಿಸ್ ಪರಿಣಾಮ. ಆಗ ಅಳೆಯಲಾಗದಷ್ಟು ಸಣ್ಣದು, ಅಷ್ಟೆ. 100 ಮೀಟರ್ ಎತ್ತರದಿಂದ ಬಿಟ್ಟ ಗುಂಡು ಇಟಲಿಯ ಅಕ್ಷಾಂಶದಲ್ಲಿ ಪೂರ್ವಕ್ಕೆ ಸರಿಯುವುದು ಸುಮಾರು ಒಂದೂವರೆ ಸೆಂಟಿಮೀಟರ್.

ಪುರಾವೆ ಸಿಕ್ಕ ವರ್ಷಗಳು

• 1728: ಜೇಮ್ಸ್ ಬ್ರಾಡ್ಲಿ, ನಕ್ಷತ್ರ ಬೆಳಕಿನ ಅಪೇರಣ (ಭೂಮಿಯ ಚಲನೆಯಿಂದಾಗಿ ನಕ್ಷತ್ರದ ಸ್ಥಾನ ತುಸು ಸರಿದಂತೆ ಕಾಣುವುದು). ಭೂಮಿ ಸೂರ್ಯನನ್ನು ಸುತ್ತುವುದಕ್ಕೆ ಮೊದಲ ನೇರ ಸಾಕ್ಷಿ.
• 1838: ಬೆಸೆಲ್, 61 ಸಿಗ್ನಿ ನಕ್ಷತ್ರದ ಪ್ಯಾರಲಾಕ್ಸ್. ಸುಮಾರು 0.31 ವಿಕಲೆ (ವಿಕಲೆ ಎಂದರೆ ಕಲೆಯ 60ನೇ ಒಂದು ಭಾಗ), ಟೈಕೋ ಕಾಣಲಿಲ್ಲವೆಂದರೆ ತಪ್ಪು ಅವನದಲ್ಲ.
• 1851: ಫೂಕೋ ಲೋಲಕ, ಪ್ಯಾರಿಸ್. ಭೂಮಿಯ ಆವರ್ತನೆಗೆ.

ಗೊಂದಲವಾಗುವ ಅಂಶಗಳು

• ಆರ್ಯಭಟ ಹೇಳಿದ್ದು ಭೂಮಿಯ ದೈನಂದಿನ ಆವರ್ತನೆ. ಆತನ ಗ್ರಹಮಾದರಿ ಭೂಕೇಂದ್ರಿತವೇ.
• ಗೆಲಿಲಿಯೋ 1610ರಲ್ಲಿ ಕಂಡ ಶುಕ್ರನ ವೃದ್ಧಿ-ಕ್ಷಯ ಟಾಲೆಮಿ ಮಾದರಿಯನ್ನು ಕೆಡವಿತು, ಟೈಕೋ ಮಾದರಿಯನ್ನಲ್ಲ. ಈ ಒಂದು ವ್ಯತ್ಯಾಸ ಬರೆದರೆ ಉತ್ತರಕ್ಕೆ ತೂಕ ಬರುತ್ತದೆ.
• 1632ರ ‘ಡಯಲಾಗ್’ನಲ್ಲಿ ಭೂಚಲನೆಗೆ ಗೆಲಿಲಿಯೋ ಕೊಟ್ಟ ಮುಖ್ಯ ಪುರಾವೆ ಸಮುದ್ರದ ಉಬ್ಬರವಿಳಿತ. ಅದು ತಪ್ಪು, ಉಬ್ಬರಕ್ಕೆ ಮುಖ್ಯ ಕಾರಣ ಚಂದ್ರ.
• ಚರ್ಚಿನ ನಿಷಿದ್ಧ ಗ್ರಂಥಗಳ ಪಟ್ಟಿಯಿಂದ ಕೋಪರ್ನಿಕಸ್, ಗೆಲಿಲಿಯೋ ಹೆಸರು ಬಿಟ್ಟುಹೋದದ್ದು 1835ರ ಮುದ್ರಣದಲ್ಲಿ. ಬೆಸೆಲ್ ಪ್ಯಾರಲಾಕ್ಸ್ ಅಳೆದದ್ದು ಅದಾಗಿ ಮೂರು ವರ್ಷಕ್ಕೆ.