ಚಿಕಿತ್ಸೆಯಲ್ಲಿ ವೈದ್ಯರಿಗೆ ನೆರವಾಗುವ ತಂತ್ರಜ್ಞರು: ಕಾನೂನಿನ ಹೊಣೆ ಯಾರದು?

ಮುಳಗುಂದದ ಸುತ್ತಲಿನ ಗ್ರಾಮಗಳಿಂದ ಶಸ್ತ್ರಚಿಕಿತ್ಸೆಗೆಂದು ಗದಗಕ್ಕೆ ತೆರಳುವ ರೋಗಿಗೆ ವೈದ್ಯರೊಬ್ಬರೇ ಚಿಕಿತ್ಸೆ ನೀಡುವುದಿಲ್ಲ. ಅರಿವಳಿಕೆ ಯಂತ್ರವನ್ನು ಸಿದ್ಧಪಡಿಸುವವರು, ಉಪಕರಣಗಳನ್ನು ಒದಗಿಸುವವರು, ರಕ್ತದ ಗುಂಪನ್ನು ಪರೀಕ್ಷಿಸುವವರು ಜೊತೆಗಿರುತ್ತಾರೆ. ಅನಾಹುತವಾದಾಗ ನೊಂದ ಕುಟುಂಬವು ಸಲಹೆಗಾಗಿ ಪಂಚಾಯಿತಿ ಸದಸ್ಯರ ಬಳಿಗೆ ಬರುವುದುಂಟು. ಆದ್ದರಿಂದ ಈ ವಿಷಯದ ಅರಿವು ಸದಸ್ಯರಿಗೆ ಅವಶ್ಯ.

1. ಕೆಲಸವನ್ನು ವಹಿಸಬಹುದು, ಹೊಣೆಯನ್ನು ಕಳಚಲಾಗದು

ದೆಹಲಿಯ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ಪ್ರಕರಣದಲ್ಲಿ ನರ್ಸ್ ನೀಡಿದ ತಪ್ಪು ಚುಚ್ಚುಮದ್ದಿನಿಂದ ಮಗುವಿನ ಮೆದುಳಿಗೆ ಶಾಶ್ವತ ಹಾನಿಯಾಯಿತು. 1998ರಲ್ಲಿ ಸುಪ್ರೀಂ ಕೋರ್ಟ್, ನರ್ಸ್ ಮಾತ್ರವಲ್ಲದೆ, ಆ ಕೆಲಸವನ್ನು ಆಕೆಗೆ ಬಿಟ್ಟುಕೊಟ್ಟ ವೈದ್ಯರದೂ ನಿರ್ಲಕ್ಷ್ಯವೆಂದು ಹೇಳಿ, ಪರಿಹಾರದ ಹೊಣೆಯನ್ನು ಆಸ್ಪತ್ರೆಯ ಮೇಲೆ ಹೊರಿಸಿತು. ತಂತ್ರಜ್ಞರ ವಿಷಯದಲ್ಲೂ ತತ್ತ್ವ ಇದೇ: ಮಾಡಿದವರು, ಮಾಡಿಸಿದವರು, ನೇಮಿಸಿದ ಸಂಸ್ಥೆ, ಮೂವರ ಹೊಣೆಯನ್ನೂ ಪರಿಶೀಲಿಸಲಾಗುತ್ತದೆ.

2. ಸರ್ಕಾರಿ ಆಸ್ಪತ್ರೆಗೂ ವಿನಾಯಿತಿಯಿಲ್ಲ

1963ರಲ್ಲಿ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗಾದ ಬಾಣಂತಿಯ ಹೊಟ್ಟೆಯೊಳಗೆ ಬಟ್ಟೆ ಉಳಿದು, ಆಕೆ ಮೃತಪಟ್ಟರು. ಆಸ್ಪತ್ರೆಯ ನೌಕರರ ನಿರ್ಲಕ್ಷ್ಯಕ್ಕೆ ರಾಜ್ಯ ಸರ್ಕಾರವೇ ಪರಿಹಾರ ನೀಡಬೇಕೆಂದು 1996ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಕುಟುಂಬವು ಕಾದದ್ದು ಮೂರು ದಶಕಕ್ಕೂ ಹೆಚ್ಚು.

3. ದಂಡನೆಯಲ್ಲಿ ವ್ಯತ್ಯಾಸ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಂ ಪ್ರಕಾರ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಐದು ವರ್ಷಗಳವರೆಗೆ ಸೆರೆವಾಸ ಹಾಗೂ ಜುಲ್ಮಾನೆ. ವೈದ್ಯಕೀಯ ಕಾರ್ಯವಿಧಾನದ ವೇಳೆ ನೋಂದಾಯಿತ ವೈದ್ಯರಿಂದಾದರೆ ಮಿತಿ ಎರಡು ವರ್ಷ. ವೈದ್ಯಕೀಯ ರಿಜಿಸ್ಟರಿನಲ್ಲಿ ಹೆಸರಿಲ್ಲದ ತಂತ್ರಜ್ಞರು ಈ ರಿಯಾಯಿತಿಯ ವ್ಯಾಖ್ಯೆಯೊಳಗೆ ಬರುವುದಿಲ್ಲ. ಹೀಗಾಗಿ, ತಮ್ಮ ತರಬೇತಿಗೆ ಮೀರಿದ ಕೆಲಸವನ್ನು ಒಪ್ಪಿಕೊಳ್ಳುವ ತಂತ್ರಜ್ಞರು ದೊಡ್ಡ ಅಪಾಯಕ್ಕೆ ಒಳಗಾಗುತ್ತಾರೆ. ಗ್ರಾಮದ ಅನೇಕ ಯುವಕ ಯುವತಿಯರು ಈ ವೃತ್ತಿಗೆ ಸೇರುತ್ತಿರುವುದರಿಂದ ಅವರಿಗೂ ಇದನ್ನು ತಿಳಿಸತಕ್ಕದ್ದು. ಇವರ ಶಿಕ್ಷಣ ಮತ್ತು ನೋಂದಣಿಗಾಗಿ 2021ರಲ್ಲಿ ಪ್ರತ್ಯೇಕ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಿದೆ.

4. ಸದಸ್ಯರು ಮಾಡಬೇಕಾದುದು

ಅ) ಚಿಕಿತ್ಸಾ ದಾಖಲೆಗಳ ಪ್ರತಿಗೆ ಕುಟುಂಬದಿಂದ ಲಿಖಿತ ಅರ್ಜಿ ಕೊಡಿಸುವುದು. ವೈದ್ಯರು 72 ಗಂಟೆಗಳೊಳಗೆ ದಾಖಲೆ ಒದಗಿಸತಕ್ಕದ್ದು.

ಆ) ಖಾಸಗಿ ಆಸ್ಪತ್ರೆಯ ವಿರುದ್ಧದ ದೂರನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಸಲ್ಲಿಸಬಹುದು. ಹಣ ಪಾವತಿಸಿ ಪಡೆದ ಚಿಕಿತ್ಸೆಯಾದರೆ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಎಲ್ಲರಿಗೂ ಉಚಿತ ಸೇವೆ ನೀಡುವ ಸರ್ಕಾರಿ ಆಸ್ಪತ್ರೆಯಾದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು.

ಇ) ಪ್ರತಿಯೊಂದು ಸಾವೂ ಅಪರಾಧವಲ್ಲ. ಅಪರಾಧವೆನಿಸಲು ಘೋರ ನಿರ್ಲಕ್ಷ್ಯವಿರಬೇಕೆಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ತಿಳಿಸಿದೆ.

ಈ) ಸಿಬ್ಬಂದಿಯ ಮೇಲೆ ಹಲ್ಲೆಗೆ ಅವಕಾಶ ಕೊಡಬಾರದು. ಅದು 2009ರ ರಾಜ್ಯ ಕಾಯ್ದೆಯಡಿ ಅಪರಾಧ. ನ್ಯಾಯ ಕೇಳಬೇಕಾದ ಕುಟುಂಬವೇ ಆರೋಪಿಯಾಗಿ ನಿಲ್ಲಬೇಕಾಗುತ್ತದೆ.

ಚರ್ಚೆಗೆ: ಗ್ರಾಮದ ರೋಗಿಯೊಬ್ಬರಿಗೆ ಇಂತಹ ತೊಂದರೆಯಾದರೆ, ಮೊದಲ ದಿನ ಸದಸ್ಯರು ಕೈಗೊಳ್ಳಬೇಕಾದ ಕ್ರಮಗಳಾವುವು?